ಕೈ ಮೊದಲೋ, ಟೆಸ್ಟರ್ ಮೊದಲೋ

ಅವಳು ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ತಲೆ ಬಗ್ಗಿಸಿ ನಿಂತಿದ್ದಳು. ನಾನು ಕಂಡದ್ದು ಅಷ್ಟೇ. ಕುಣಿಗಲ್ಲಿನ ಒಂದು ವರ್ಕ್‌ಶಾಪಿನಲ್ಲಿ, ಗೋಡೆಗೆ ಬಿಗಿದಿದ್ದ ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆಯ ಮುಂದೆ, ಬಲಗೈಯ ಬೆರಳುಗಳನ್ನು ಅದರ ಮುಚ್ಚಳದ ಅಂಚಿಗೆ ಇಟ್ಟು ಕಣ್ಣು ಮುಚ್ಚಿ ನಿಂತ ಹುಡುಗಿ. ದೇವರನ್ನು ನೆನೆಯುತ್ತಿದ್ದಾಳೆ ಅಂದುಕೊಂಡೆ. ಅಲ್ಲಿದ್ದ ಎಲ್ಲರೂ ಹಾಗೇ ಅಂದುಕೊಂಡರು. ಈಗಲೂ ತುಮಕೂರಿನ ನನ್ನ ಮನೆಯಲ್ಲಿ ಹಲ್ಲುಜ್ಜುವಾಗ, ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಆ ದೃಶ್ಯ ಮರಳಿ ಬರುತ್ತದೆ. ಪ್ರತಿ ಸಲವೂ ಅವಳ ಕೈಯನ್ನೇ ನೋಡುತ್ತೇನೆ. ಏನು ನಡೆಯುತ್ತಿತ್ತೆಂದು ಗೊತ್ತಿದ್ದೂ ಪ್ರತಿ ಸಲವೂ ಅದು ನಮಸ್ಕಾರದ ಹಾಗೆಯೇ ಕಾಣುತ್ತದೆ.

ನಾನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವನು. ಕೆಲವು ವರ್ಷಗಳಿಂದ ತರಬೇತಿ ಕೇಂದ್ರಗಳಿಗೆ ಪ್ರಾಯೋಗಿಕ ಪರೀಕ್ಷೆ ರೂಪಿಸಿಕೊಡುವ ಕೆಲಸ ಮಾಡುತ್ತಿದ್ದೇನೆ. ಎಲೆಕ್ಟ್ರಿಷಿಯನ್ ಕಲಿಯುವ ಮಕ್ಕಳಿಗೆ ಏನು ಗೊತ್ತು ಎಂದು ಕೇಳುವ ಪರೀಕ್ಷೆ ಅಲ್ಲ. ಏನು ಮಾಡುತ್ತಾರೆ ಎಂದು ನೋಡುವ ಪರೀಕ್ಷೆ. ಮೊದಲು ಕುಣಿಗಲ್ಲಿನ ಆ ಕೇಂದ್ರದಲ್ಲಿ ಇದ್ದದ್ದು ಪ್ರಶ್ನೋತ್ತರ. ಪರೀಕ್ಷಕರು ಕೇಳುತ್ತಾರೆ, ಹುಡುಗರು ಕೈ ಕಟ್ಟಿ ನಿಂತು ಒಪ್ಪಿಸುತ್ತಾರೆ. ಅಲ್ಲಿನ ಹಿರಿಯ ಇನ್‌ಸ್ಟ್ರಕ್ಟರಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಮೊದಲ ದಿನವೇ ನನಗೆ ಹೇಳಿದ್ದರು:

"ಇವ್ರು ಬಾಯಲ್ಲಿ ಇಡೀ ಜಿಲ್ಲೆಗೇ ವೈರಿಂಗ್ ಮಾಡ್ಬುಡ್ತಾರೆ ಸಾರ್. ಕೈಗೆ ಇಕ್ಕಳ ಕೊಟ್ರೆ ಯಾವ್ ಕಡೆಯಿಂದ ಹಿಡ್ಕೋಬೇಕು ಅಂತ ಮಕ ಮಕ ನೋಡ್ತಾರೆ."

ಹಿರೇಹಳ್ಳಿಯ ಒಂದು ಕಾರ್ಖಾನೆಯವರು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಲು ಇಟ್ಟ ಷರತ್ತೂ ಅದೇ. ಕರೆಂಟು ಬೇರ್ಪಡಿಸಿ, ಅಪಾಯವಿಲ್ಲದೆ ಕೆಲಸ ಮಾಡಬಲ್ಲವರು ಬೇಕು. ಆ ಒಂದು ಕೆಲಸವನ್ನು ನಮ್ಮ ಕಣ್ಣೆದುರು ಮಾಡಿ ಪಾಸಾದವರನ್ನು ಮಾತ್ರ ಕಳಿಸಿ.

ಅದಕ್ಕೆ ನಾನು ರೂಪಿಸಿದ ಕೆಲಸ ಸರಳವಾಗಿತ್ತು. ಗೋಡೆಯ ಮೇಲಿನ ಪೆಟ್ಟಿಗೆಯೊಳಗೆ ಸುಟ್ಟುಹೋದ ಒಂದು ಸ್ವಿಚ್ ಇದೆ, ಬದಲಿಸಬೇಕು. ವರ್ಕ್‌ಶಾಪಿನ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಬೇಕು. ರಬ್ಬರ್ ಮ್ಯಾಟಿನ ಮೇಲೆ ನಿಲ್ಲಬೇಕು. ಟೆಸ್ಟರ್ ಸರಿಯಿದೆಯೇ ಎಂದು ಬಾಗಿಲ ಬಳಿಯ ಪ್ಲಗ್ಗಿನಲ್ಲಿ ನೋಡಬೇಕು. ಆ ಪ್ಲಗ್ಗಿಗೆ ಆಫೀಸಿನ ಲೈನು, ಮೇನ್ ಆಫ್ ಆದರೂ ಅದರಲ್ಲಿ ಕರೆಂಟು ಇರುತ್ತದೆ. ಆಮೇಲೆ ಅದೇ ಟೆಸ್ಟರನ್ನು ಮೊದಲು ಪೆಟ್ಟಿಗೆಯ ಮೈಗೆ, ನಂತರ ಮುಚ್ಚಳ ತೆಗೆದು ಒಳಗಿನ ತಿರುಪುಗಳಿಗೆ ಮುಟ್ಟಿಸಿ ನೋಡಬೇಕು. ಟೆಸ್ಟರಿನ ದೀಪ ಹತ್ತದಿದ್ದರೆ ಮಾತ್ರ ಕೈ. ಸ್ವಿಚ್ ಬದಲಿಸಿ ಮುಚ್ಚಳ ಮುಚ್ಚಿದರೆ ಮುಗಿಯಿತು.

ಇಂಥ ಪರೀಕ್ಷೆಯಲ್ಲಿ ಕಷ್ಟದ್ದು ಕೆಲಸವಲ್ಲ, ನೋಡುವುದು. ಪರೀಕ್ಷಕ ಒಂದು ಹುಬ್ಬು ಏರಿಸಿದರೂ ಹುಡುಗರು ಅದನ್ನು ಓದಿಕೊಂಡು ತಿದ್ದಿಕೊಳ್ಳುತ್ತಾರೆ. ಅದಕ್ಕೇ ನಾನು ಬರೆದ ನಿಯಮಗಳಲ್ಲಿ ಒಂದು: ಕೆಲಸ ಮುಗಿಯುವವರೆಗೆ ಪರೀಕ್ಷಕ ಬಾಯಿ ತೆರೆಯಬಾರದು, ಮುಖದಲ್ಲಿ ಏನನ್ನೂ ತೋರಿಸಬಾರದು. ಇನ್ನೊಂದು: ಅಂಕದ ಬಗ್ಗೆ ತಕರಾರು ಬಂದರೆ ಮತ್ತೆ ನೋಡಲು ಎಲ್ಲವೂ ಕ್ಯಾಮೆರಾದಲ್ಲಿ ದಾಖಲಾಗಬೇಕು. ಕ್ಯಾಮೆರಾ ಹಾಕುವವನು ಪರೀಕ್ಷೆಯ ಹಿಂದಿನ ದಿನ ಬಂದು, ಪೆಟ್ಟಿಗೆಯ ಮೇಲುಗಡೆ ಗೋಡೆಯ ಮೂಲೆಗೆ ಒಂದನ್ನು ಕೂರಿಸಿ ಹೋಗಿದ್ದ.

ಪರೀಕ್ಷೆಯ ಬೆಳಗ್ಗೆ ನಾನೂ ಇನ್‌ಸ್ಟ್ರಕ್ಟರೂ ಎಲ್ಲವನ್ನೂ ಪರೀಕ್ಷಿಸಿದೆವು. ಪೆಟ್ಟಿಗೆಯ ಮೈಯಲ್ಲಿ ಕರೆಂಟು ಇರಲಿಲ್ಲ. ಹೊರಗಿನವರು ಬರುತ್ತಾರೆಂದು ನೆಲ ತೊಳೆದಿದ್ದರು; ಸಿಮೆಂಟು ಇನ್ನೂ ಕಪ್ಪಗೆ ತೇವವಾಗಿತ್ತು. ಮೊದಲ ಹುಡುಗ ಮೇನ್ ಆಫ್ ಮಾಡಿದಾಗ ಫ್ಯಾನುಗಳು ನಿಧಾನವಾಗಿ ನಿಂತವು. ಟ್ಯೂಬ್‌ಲೈಟುಗಳು ಹೋದವು. ಕಿಟಕಿಯ ಧೂಳು ಗಾಜಿನಿಂದ ಬರುವ ಬೂದು ಬೆಳಕು ಮಾತ್ರ ಉಳಿಯಿತು. ಹಗಲಲ್ಲೂ ಅಷ್ಟು ನಿಶ್ಶಬ್ದವಾದ ಜಾಗವನ್ನು ನಾನು ಕಂಡಿರಲಿಲ್ಲ. ಆ ಮಬ್ಬಿನಲ್ಲಿ ಉರಿಯುತ್ತಿದ್ದದ್ದು ಒಂದೇ: ಕ್ಯಾಮೆರಾದ ಕೆಂಪು ಚುಕ್ಕೆ. ಅದನ್ನು ನಾನು ಹಲವು ಸಲ ನೋಡಿದೆ. ನೋಡಿದಾಗಲೆಲ್ಲ ಎದೆಯಲ್ಲಿ ಏನೋ ಒಂದು ಮುಳ್ಳಾಡಿದಂತಾಗುತ್ತಿತ್ತು. ಏನೆಂದು ಹೊಳೆಯಲಿಲ್ಲ. ಯಾರೋ ನನ್ನನ್ನೂ ನೋಡುತ್ತಿದ್ದಾರೆ ಎಂಬ ಮುಜುಗರ ಇರಬೇಕು ಅಂದುಕೊಂಡೆ.

ಹುಡುಗರು ಒಬ್ಬೊಬ್ಬರಾಗಿ ಬಂದರು, ಮಾಡಿದರು, ಹೋದರು. ಮಾಡಿದವರು ಹೊರಗೆ ಹೋಗದೆ ಹಿಂದಿನ ಬೆಂಚಿನ ಮೇಲೆ ಕೂತು ಉಳಿದವರನ್ನು ನೋಡಿ ಕಿಸಕ್ಕನೆ ನಗುತ್ತಿದ್ದರು. ಒಬ್ಬ ಮುಚ್ಚಳ ಕೂರುತ್ತಿಲ್ಲವೆಂದು ಅಂಗೈಯಿಂದ ಗುದ್ದಿ ಗುದ್ದಿ ಕೂರಿಸಿದ.

"ಮೆತ್ತಗೆ ಕಣ್ಲಾ, ಅದೇನ್ ನಿಮ್ಮನೆ ಹಸುನಾ," ಎಂದು ಬೆಂಚಿನಿಂದ ಒಬ್ಬ.

ಅವನ ನಂತರ ಅವಳು ಬಂದಳು. ಮಾರ್ಕೋನಹಳ್ಳಿ ಕಡೆಯ ಹುಡುಗಿ, ಆ ತಂಡದಲ್ಲಿದ್ದ ಒಬ್ಬಳೇ ಹುಡುಗಿ. ಹಣೆಗೆ ವಿಭೂತಿ, ಕೈಗೆ ಗಾಜಿನ ಬಳೆ. ಬಳೆಯ ಮೇಲೆ ಬಟ್ಟೆ ಸುತ್ತಿಕೊಂಡಿದ್ದಳು, ತರಗತಿಯಲ್ಲಿ ಹೇಳಿಕೊಟ್ಟ ಹಾಗೆ. ಹಿರೇಹಳ್ಳಿಯ ಕೆಲಸ ಅವಳಿಗೆ ಎಷ್ಟು ಬೇಕಾಗಿತ್ತೆಂದು ಇನ್‌ಸ್ಟ್ರಕ್ಟರ್ ಬೆಳಗ್ಗೆ ಚಹಾ ಕುಡಿಯುವಾಗ ಹೇಳಿದ್ದರು. ಹುಡುಗಿಗೆ ಇಂಥ ಟ್ರೇಡ್ ಯಾಕೆ ಎಂದು ಮನೆಯಲ್ಲಿ ಜಗಳವಾಗಿತ್ತಂತೆ. ಕೆಲಸ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಆ ವರ್ಷವೇ ಮದುವೆ ಎಂದು ತೀರ್ಮಾನವಾಗಿತ್ತು. ಇಡೀ ತಂಡದಲ್ಲಿ ಅವಳ ಕೈಯೇ ಚುರುಕು ಎಂದೂ ಹೇಳಿದ್ದರು.

ಅವಳು ಮೇನ್ ಆಫ್ ಮಾಡಿ ಬೀಗ ಹಾಕಿದಳು. ಬಾಗಿಲ ಬಳಿ ಟೆಸ್ಟರ್ ನೋಡಿದಳು. ಪೆಟ್ಟಿಗೆಯ ಹತ್ತಿರ ಬಂದು ಚಪ್ಪಲಿ ಬಿಟ್ಟಳು. ಮ್ಯಾಟಿಗೆ ಕಾಲಿಡುವ ಮುಂಚೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಬಲಗೈ ಚಾಚಿ ಪೆಟ್ಟಿಗೆ ಮುಟ್ಟಿದಳು. ಕಣ್ಣಿಗೆ ಒತ್ತಿಕೊಳ್ಳಲು.

ಒತ್ತಿಕೊಳ್ಳಲಿಲ್ಲ. ಕೈ ಅಲ್ಲೇ ಇತ್ತು. ತಲೆ ಬಗ್ಗಿತ್ತು, ಕಣ್ಣು ಮುಚ್ಚಿತ್ತು. ತುಟಿ ಅದುರುತ್ತಿತ್ತು, ಮಂತ್ರ ಹೇಳುವವರದು ಅದುರುವ ಹಾಗೆ. ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ, "ಸಾಕು ಬುಡೇ, ದೇವ್ರೇನು ಮಾರ್ಕ್ಸ್ ಕೊಡಲ್ಲ," ಎಂದ. ಇನ್ನೊಬ್ಬ, "ಅವ್ಳು ಪೂರ್ತಿ ಅರ್ಚನೆ ಮಾಡ್ಸೇ ಎದ್ದೇಳೋದು ಕಣೋ," ಎಂದ. ನಕ್ಕರು. ನಾನು ಮುಖದಲ್ಲಿ ಏನನ್ನೂ ತೋರಿಸದೆ, ಪೆನ್ನು ಹಿಡಿದು, ಅಂಕದ ಹಾಳೆಯ 'ಮ್ಯಾಟಿನ ಮೇಲೆ ನಿಂತಳೇ' ಎಂಬ ಸಾಲಿನ ಮುಂದೆ ಗುರುತು ಹಾಕಲು ಕಾಯುತ್ತಿದ್ದೆ.

ಎಷ್ಟು ಹೊತ್ತು ಕಾದೆವೋ ನನಗೆ ಗೊತ್ತಿಲ್ಲ. ಎರಡು ಮಾತಾಡಿ ನಗುವಷ್ಟು ಹೊತ್ತು. ನೆನಪಿನಲ್ಲಿ ಅದು ದಿನದಿನಕ್ಕೂ ಉದ್ದವಾಗುತ್ತಿದೆ.

ನನಗೆ ಮೊದಲು ಕೇಳಿಸಿದ್ದು ಒಂದು ಸಣ್ಣ ಸದ್ದು. ಎಲ್ಲೋ ಒಂದು ಜೀರುಂಡೆ ಇದ್ದ ಹಾಗೆ. ಬಟ್ಟೆ ಸುತ್ತಿದ ಬಳೆಗಳು ಒಳಗೊಳಗೇ ಒಂದಕ್ಕೊಂದು ತಾಕಿ ಮಿಡಿಯುತ್ತಿದ್ದವು. ಅಷ್ಟು ಬೇಗ ಬೇಗ, ಅಷ್ಟು ಸಮನಾಗಿ ಮನುಷ್ಯರ ಕೈ ನಡುಗುವುದಿಲ್ಲ. ಗೊತ್ತಾಯಿತು. ಗೊತ್ತಾದ ಮೇಲೂ ನನ್ನ ಬಾಯಿಂದ ಶಬ್ದ ಬರಲಿಲ್ಲ. ಆಗ ಇನ್‌ಸ್ಟ್ರಕ್ಟರ್ ಕೂತಿದ್ದ ಮರದ ಸ್ಟೂಲು ಗಾಳಿಯಲ್ಲಿತ್ತು. ಅದರ ಕಾಲಿನಿಂದ ಅವರು ಅವಳ ಮುಂಗೈಗೆ ಬೀಸಿ ಹೊಡೆದರು. ಕೈ ಕಿತ್ತು ಬಂತು. ಅವಳು ಕೂಗಲೂ ಇಲ್ಲ; ನಿಂತಿದ್ದ ಚೀಲ ಕುಸಿಯುವ ಹಾಗೆ ಕುಸಿದಳು.

ಉಸಿರು ಇತ್ತು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ದಾರಿಯಲ್ಲಿ ಕಣ್ಣು ಬಿಟ್ಟು ನನ್ನನ್ನು ನೋಡಿ ಅವಳು ಕೇಳಿದ್ದು ಒಂದೇ: "ಟೈಮ್ ಆಗೋಯ್ತಾ ಸಾರ್?"

ಬಲಗೈಯ ಬೆರಳುಗಳ ತುದಿ ಸುಟ್ಟಿತ್ತು. ಹೃದಯಕ್ಕೆ ಏನೂ ಆಗಿಲ್ಲ, ಒಂದು ರಾತ್ರಿ ಇರಲಿ ಎಂದರು ವೈದ್ಯರು. ಸಂಜೆ ಅವಳ ತಾಯಿ ಬಂದರು. ನಾನು ಏನೇನೋ ವಿವರಿಸಲು ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ. ಮಗಳ ಸುಟ್ಟ ಬೆರಳುಗಳನ್ನು ನೋಡುತ್ತಾ, "ಕೈ ಮುಗ್ದಿದ್ಕೇ ಹಿಂಗಾಯ್ತಾ ಸ್ವಾಮಿ?" ಎಂದರು. ಸಿಟ್ಟಿನಿಂದಲ್ಲ. ನಿಜವಾಗಿ ತಿಳಿಯಬೇಕಾಗಿತ್ತು ಅವರಿಗೆ.

ಪೆಟ್ಟಿಗೆಯನ್ನು ಮಾರನೆಯ ದಿನ ಬಿಚ್ಚಿದೆವು. ಕಾರಣ ಕಣ್ಣೆದುರೇ ಇತ್ತು. ಕ್ಯಾಮೆರಾ ಎಂದೂ ಆರಬಾರದೆಂದು ಅದನ್ನು ಹಾಕಿದವನು ವೈರನ್ನು ಆಫೀಸಿನ ಇನ್ವರ್ಟರಿನಿಂದ ಎಳೆದಿದ್ದ. ಸುಲಭವಾಗಲೆಂದು ನಮ್ಮ ಪೆಟ್ಟಿಗೆಯ ಒಳಗಿಂದಲೇ, ಉಳಿದ ವೈರುಗಳ ನಡುವೆ ಹಾಯಿಸಿ ಮೇಲಕ್ಕೆ ಒಯ್ದಿದ್ದ. ನಾವು ಬೀಗ ಹಾಕಿದ ಮೇನಿಗೂ ಆ ವೈರಿಗೂ ಸಂಬಂಧವೇ ಇರಲಿಲ್ಲ. ಪ್ರತಿಯೊಬ್ಬ ಹುಡುಗ ಮುಚ್ಚಳ ಮುಚ್ಚಿದಾಗಲೂ ಅದರ ಅಂಚು ವೈರನ್ನು ಇಷ್ಟಿಷ್ಟೇ ಕಚ್ಚಿತ್ತು. ಗುದ್ದಿ ಕೂರಿಸಿದವನ ಸರದಿಯಲ್ಲಿ ಪ್ಲಾಸ್ಟಿಕ್ಕು ಸೀಳಿ ತಾಮ್ರ ಕಬ್ಬಿಣಕ್ಕೆ ತಾಗಿತ್ತು; ಅವನು ಮ್ಯಾಟಿನ ಮೇಲಿದ್ದುದರಿಂದ ಉಳಿದ. ವರ್ಷಗಟ್ಟಲೆ ಮಕ್ಕಳು ಬಿಚ್ಚಿ ಕಟ್ಟಿದ ಪೆಟ್ಟಿಗೆಯ ಅರ್ಥಿಂಗ್ ತಿರುಪು ಸಡಿಲವಾಗಿತ್ತು; ಸೋರಿದ ಕರೆಂಟು ನೆಲಕ್ಕಿಳಿಯಲು ದಾರಿ ಇರಲಿಲ್ಲ. ಪರೀಕ್ಷೆಯನ್ನು ನೋಡಲು ಇಟ್ಟ ಕಣ್ಣಿಗೆ ಹೋಗುತ್ತಿದ್ದ ಕರೆಂಟು ಅದು. ಮೇನ್ ಆಫ್ ಆದ ಮೇಲೂ ಕತ್ತಲಲ್ಲಿ ಆ ಕೆಂಪು ಚುಕ್ಕೆ ಉರಿಯುತ್ತಿದ್ದಾಗ ನನಗೆ ಚುಚ್ಚಿದ ಮುಳ್ಳು ಯಾವುದೆಂದು ಆಗ ತಿಳಿಯಿತು.

ಕಾರಣ ತಿಳಿದ ಮೇಲೂ ಒಂದು ಉಳಿಯಿತು. ಟೆಸ್ಟರ್ ಅವಳ ಎಡಗೈಯಲ್ಲೇ ಇತ್ತು. ಮೊದಲು ಅದನ್ನು ಮುಟ್ಟಿಸಿದ್ದರೆ ದೀಪ ಹತ್ತುತ್ತಿತ್ತು. ತಂಡದ ಹುಡುಗರನ್ನು ಕರೆಸಿ, ಟೆಸ್ಟ್ ಮಾಡುವ ಮುಂಚೆ ಯಾರಾದರೂ ಪೆಟ್ಟಿಗೆ ಮುಟ್ಟಿದ್ದಿರಾ ಎಂದು ಕೇಳಿದೆ.

"ಇಲ್ಲ ಸಾರ್."

"ಮುಟ್ಟಂಗಿಲ್ಲ ಅಂತ ಗೊತ್ತು ಸಾರ್."

"ನಾನಂತೂ ಇಲ್ಲ ಸಾರ್, ಬೇಕಾದ್ರೆ ಕ್ಯಾಮೆರಾ ನೋಡಿ."

ನಾನೂ ಇನ್‌ಸ್ಟ್ರಕ್ಟರೂ ಆಫೀಸಿನಲ್ಲಿ ಕೂತು ಕ್ಯಾಮೆರಾ ನೋಡಿದೆವು. ಧ್ವನಿ ಇಲ್ಲದ ಚಿತ್ರ. ಮೇಲಿನಿಂದ ನೋಡುವುದರಿಂದ ಎಲ್ಲರ ನೆತ್ತಿ ಮತ್ತು ಕೈ ಮಾತ್ರ. ಮೊದಲ ಹುಡುಗ ಬಂದ. ಕೈ ಚಾಚಿ ಪೆಟ್ಟಿಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಟೆಸ್ಟರ್ ತೆಗೆದ. ಎರಡನೆಯವನೂ ಹಾಗೆಯೇ. ಮುಂದಿನವನೂ. ಪ್ರತಿಯೊಬ್ಬನೂ. ಯಾರೂ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಮುಟ್ಟಿದ್ದಲ್ಲ. ಕೆಲಸಕ್ಕೆ ಕೈ ಹಾಕುವ ಮುಂಚೆ ಆ ಸಾಮಾನಿಗೆ ನಮಸ್ಕಾರ ಮಾಡದವರು ನಮ್ಮಲ್ಲಿ ಯಾರಿದ್ದಾರೆ? ಬಸ್ಸಿನ ಡ್ರೈವರ್ ಸ್ಟಿಯರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ, ಅಂಗಡಿಯವನು ತಕ್ಕಡಿಯನ್ನು. ಅಂದು ನಾನು ಅಲ್ಲೇ ಕೂತು, ಪ್ರತಿಯೊಬ್ಬನ ಕೈಯನ್ನೂ ಕಣ್ಣಿಟ್ಟು ನೋಡಿ, ಪ್ರತಿಯೊಬ್ಬನಿಗೂ 'ಮುಟ್ಟುವ ಮುಂಚೆ ಪರೀಕ್ಷಿಸಿದ' ಎಂಬ ಸಾಲಿಗೆ ಪೂರ್ತಿ ಅಂಕ ಕೊಟ್ಟಿದ್ದೆ.

ಇನ್‌ಸ್ಟ್ರಕ್ಟರ್ ಚಿತ್ರವನ್ನು ಬೆಳಗಿನ ಹೊತ್ತಿಗೆ ಹಿಂದಕ್ಕೆ ಓಡಿಸಿದರು, ವೈರು ಯಾವಾಗ ಸರಿದಿತ್ತೆಂದು ನೋಡಲು. ಖಾಲಿ ವರ್ಕ್‌ಶಾಪು. ಒಬ್ಬ ಮನುಷ್ಯ ಒಳಗೆ ಬಂದ, ನಡುನೆತ್ತಿಯಲ್ಲಿ ಕೂದಲು ತೆಳುವಾದವನು. ನೇರ ಪೆಟ್ಟಿಗೆಯ ಬಳಿ ಹೋದ. ಬಲಗೈ ಚಾಚಿದ, ಮುಟ್ಟಿದ, ಕಣ್ಣಿಗೆ ಒತ್ತಿಕೊಂಡ. ಆಮೇಲೆ ಜೇಬಿನಿಂದ ಟೆಸ್ಟರ್ ತೆಗೆದ.

"ಯಾರಿವ್ನು?" ಎಂದೆ.

ಇನ್‌ಸ್ಟ್ರಕ್ಟರ್ ನನ್ನ ಕಡೆ ತಿರುಗಿದರು. "ನೀವೇ ಅಲ್ವಾ ಸಾರ್," ಎಂದರು.

ನನ್ನದೇ ಅಂಗಿ. ನನ್ನದೇ ವಾಚು. ಆ ಬೆಳಗ್ಗೆ ಪೆಟ್ಟಿಗೆಯನ್ನು ಟೆಸ್ಟರಿನಿಂದ ಪರೀಕ್ಷಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಕೈಯಿಂದ ಮುಟ್ಟಿದ ನೆನಪು ಇಲ್ಲ. ಇಂದಿಗೂ ಇಲ್ಲ. ಆ ಚಿತ್ರವನ್ನು ಮತ್ತೆ ಮತ್ತೆ ಓಡಿಸಿ ನೋಡಿದೆ. ಪ್ರತಿ ಸಲವೂ ಆ ಕೈ ನನ್ನನ್ನು ಕೇಳದೆ ಹೊರಟು, ಮುಟ್ಟಿ, ಮರಳಿ ಬಂತು. ನನ್ನ ಕೈ ಇನ್ನು ಏನೇನು ಮಾಡುತ್ತಿದೆಯೋ ಎಂದು ಆ ವಾರವೆಲ್ಲ ಅದರ ಮೇಲೊಂದು ಕಣ್ಣಿಟ್ಟಿದ್ದೆ. ಊಟದ ಮುಂದೆ, ಸ್ಕೂಟರಿನ ಮುಂದೆ, ಮನೆಯ ಹೊಸ್ತಿಲಲ್ಲಿ, ನಾನು ನೋಡುವಷ್ಟರಲ್ಲಿ ಅದು ತನ್ನ ಕೆಲಸ ಮುಗಿಸಿರುತ್ತಿತ್ತು.

ಮರುಪರೀಕ್ಷೆಗೆ ಕೆಲಸವನ್ನು ಹೊಸದಾಗಿ ರೂಪಿಸಬೇಕಾಯಿತು. ಕಾರ್ಖಾನೆಯವರು ಅವಳ ಜಾಗವನ್ನು ಅಲ್ಲಿಯವರೆಗೆ ಮಾತ್ರ ಕಾಯ್ದಿರಿಸಿದ್ದರು. ನಮಸ್ಕಾರ ಮಾಡಬಾರದು ಎಂದು ಬರೆಯಲೇ ಎಂದು ಯೋಚಿಸಿದೆ.

"ಬರೀರಿ ಸಾರ್, ಬರೀರಿ," ಎಂದರು ಇನ್‌ಸ್ಟ್ರಕ್ಟರ್. "ಪರೀಕ್ಷೆ ದಿನ ಮಾಡಲ್ಲ. ಮಾರ್ನೇ ದಿನ ಫ್ಯಾಕ್ಟ್ರೀಲಿ ಮಾಡ್ತಾರೆ. ಅಲ್ಲಿ ನಾನು ಸ್ಟೂಲ್ ಹಿಡ್ಕೊಂಡ್ ಕೂತಿರ್ತೀನಾ?"

ಅವರು ಹೇಳಿದ್ದು ಸರಿ. ಪರೀಕ್ಷೆಗೆಂದೇ ಒಂದು ದಿನ ಅಡಗಿಸಿಟ್ಟ ಅಭ್ಯಾಸವನ್ನು ನೋಡಿ ಏನು ತಿಳಿಯುತ್ತದೆ? ಹಳೆಯ ಸಾಲನ್ನು ಹೊಡೆದುಹಾಕಿ, 'ಪೆಟ್ಟಿಗೆಗೆ ಮೊದಲು ತಾಗಿದ್ದು ಏನು: ಕೈಯೋ, ಟೆಸ್ಟರೋ' ಎಂದು ಬರೆದೆ. ಇದರಲ್ಲಿ ಯಾವ ಉದ್ದೇಶದಿಂದ ಮುಟ್ಟಿದರು ಎಂಬ ಪ್ರಶ್ನೆ ಇಲ್ಲ. ನೋಡುವವನಿಗೂ ಏನನ್ನೂ ಊಹಿಸುವ ಅವಕಾಶ ಇಲ್ಲ. ಪರೀಕ್ಷಕನ ಮೌನದ ನಿಯಮಕ್ಕೆ, ಯಾರಾದರೂ ಅಲುಗಾಡದೆ ನಿಂತರೆ ತಕ್ಷಣ ಹೆಸರು ಹಿಡಿದು ಕೂಗಬೇಕು ಎಂದು ಸೇರಿಸಿದೆ.

ಕುಣಿಗಲ್ಲಿನ ವರ್ಕ್‌ಶಾಪನ್ನು ಮುಚ್ಚಿದ್ದರಿಂದ ಮರುಪರೀಕ್ಷೆ ಗುಬ್ಬಿಯ ಇನ್ನೊಂದು ಕೇಂದ್ರದಲ್ಲಿ ನಡೆಯಿತು. ಚೊಕ್ಕ ಕೋಣೆ, ಒಣಗಿದ ನೆಲ, ಸರಿಯಾಗಿ ಬಿಗಿದ ಅರ್ಥಿಂಗ್. ಕ್ಯಾಮೆರಾ ಬ್ಯಾಟರಿಯದು, ಮರದ ಮೇಜಿನ ಮೇಲೆ. ಪೆಟ್ಟಿಗೆಯನ್ನು ನಾನೇ ಪರೀಕ್ಷಿಸಿದೆ, ಇನ್‌ಸ್ಟ್ರಕ್ಟರ್ ಮತ್ತೊಮ್ಮೆ ಪರೀಕ್ಷಿಸಿದರು. ಆದರೆ ಮೇನ್ ಆಫ್ ಆಗಿ ಫ್ಯಾನು ನಿಂತಾಗ ಅದೇ ನಿಶ್ಶಬ್ದ ಬಂತು. ಅದು ಕುಣಿಗಲ್ಲಿನಿಂದ ನಮ್ಮ ಜೊತೆ ಬಸ್ಸು ಹತ್ತಿ ಬಂದಂತಿತ್ತು.

ಅವಳು ಬಂದಳು, ಕಾಲಲ್ಲಿ ಶೂ. ಟೆಸ್ಟರನ್ನು ಬಾಗಿಲ ಬಳಿಯ ಪ್ಲಗ್ಗಿನಲ್ಲಿ ನೋಡಿದಳು, ಹತ್ತಿತು. ಮ್ಯಾಟಿನ ಮೇಲೆ ನಿಂತು ಪೆಟ್ಟಿಗೆಯ ಮೈಗೆ ಮುಟ್ಟಿಸಿದಳು, ಹತ್ತಲಿಲ್ಲ. ಮತ್ತೆ ಪ್ಲಗ್ಗಿಗೆ ಹೋದಳು, ಮತ್ತೆ ಪೆಟ್ಟಿಗೆಗೆ ಬಂದಳು. ಮತ್ತೆ ಹೋದಳು.

"ಇಲ್ಲ ಸಾರ್, ಕರೆಂಟಿಲ್ಲ," ಎಂದಳು.

ಕೈ ಎತ್ತಿದಳು. ಸುಟ್ಟ ಬೆರಳುಗಳಲ್ಲಿ ಹೊಸ ಚರ್ಮ ನಸುಗೆಂಪಾಗಿ ಹೊಳೆಯುತ್ತಿತ್ತು. ಕೈ ಪೆಟ್ಟಿಗೆಯ ಹತ್ತಿರದವರೆಗೆ ಹೋಗಿ ನಿಂತಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಕೆಲಸಕ್ಕೆ ಇಟ್ಟ ಸಮಯ ಕರಗುತ್ತಿತ್ತು. ಹೆಸರು ಹಿಡಿದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ನನ್ನ ಕಡೆ ತಿರುಗಿದಳು.

"ಸಾರ್, ನೀವ್ ಮೊದ್ಲು ಮುಟ್ಟಿ."

"ಹಂಗೆಲ್ಲ ಕೇಳಂಗಿಲ್ಲ ಕಣಮ್ಮ," ಎಂದರು ಇನ್‌ಸ್ಟ್ರಕ್ಟರ್. "ಸಾರ್ ಮಾತಾಡಂಗಿಲ್ಲ."

"ಮಾತಾಡೋದ್ ಬ್ಯಾಡ ಸಾರ್. ಮುಟ್ಲಿ, ಅಷ್ಟೇ."

ಹಿರೇಹಳ್ಳಿಯಲ್ಲಿ ನಾಳೆ ಯಾವನೋ ಮೇಲ್ವಿಚಾರಕ ಇವಳಿಗೆ ಹೇಳುತ್ತಾನೆ, ಆಫ್ ಮಾಡಿದೀನಿ, ಕೈ ಹಾಕು ಎಂದು. ಹಾಗೆ ಹೇಳುವವನನ್ನು ಮೊದಲು ನೀನು ಮುಟ್ಟು ಎಂದು ಕೇಳಿದರೆ ಅದಕ್ಕೆ ಅಂಕ ಕಳೆಯಬೇಕೆಂದು ನನ್ನ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಎದ್ದು ಹೋದೆ. ಕರೆಂಟಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಅಂಗೈ ಚಾಚಿದಾಗ, ಕಬ್ಬಿಣಕ್ಕೂ ಅದಕ್ಕೂ ನಡುವೆ ಒಂದು ತೆಳು ಪದರ ಅಡ್ಡ ನಿಂತಂತಾಯಿತು. ಒತ್ತಿದೆ. ತಣ್ಣಗಿತ್ತು. ಅವಳು ನನ್ನ ಕೈಯನ್ನು ನೋಡುತ್ತಿರಲಿಲ್ಲ, ಮುಖವನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಹಾಗೇ ನೋಡಿ, ಮುಚ್ಚಳ ತೆಗೆದಳು. ಒಳಗಿನ ತಿರುಪುಗಳಿಗೆಲ್ಲ ಟೆಸ್ಟರ್ ಮುಟ್ಟಿಸಿದಳು. ಸುಟ್ಟ ಸ್ವಿಚ್ ಬಿಚ್ಚಿ ಹೊಸದನ್ನು ಕೂರಿಸಿದಳು. ನಾನು ಪೆಟ್ಟಿಗೆಯ ಪಕ್ಕದಿಂದ ಅಂಗೈ ತೆಗೆಯಲಿಲ್ಲ. ತೆಗೆದರೆ ಅವಳ ಕೈ ನಿಂತುಬಿಡುತ್ತದೆ ಅನ್ನಿಸಿತು.

"ಆಯ್ತು ಸಾರ್. ಕೈ ತೆಗೀರಿ."

ತೆಗೆಯಬೇಕೆಂದುಕೊಂಡೆ. ತೋಳು ಮರಗಟ್ಟಿತ್ತು. ಒಂದು ಕ್ಷಣ ಅದು ಬರಲಿಲ್ಲ.

ಅವಳು ಕಾಯಲಿಲ್ಲ. ತನ್ನ ಹೆಗಲ ಮೇಲಿನ ಒಣ ದುಪಟ್ಟಾವನ್ನು ಎರಡು ಮಡಿಕೆ ಮಾಡಿ ನನ್ನ ತೋಳಿಗೆ ಸುತ್ತಿ, ಮ್ಯಾಟಿನ ಮೇಲೆ ಕಾಲೂರಿ, ಬಲವಾಗಿ ಎಳೆದಳು. ನಾನು ಹಿಂದಕ್ಕೆ ಮುಗ್ಗರಿಸಿ ಗೋಡೆಗೆ ತಾಗಿದೆ. ಇನ್‌ಸ್ಟ್ರಕ್ಟರ್ ಅರ್ಧ ಎದ್ದವರು ಹಾಗೇ ನಿಂತರು.

"ಏನಿಲ್ಲಮ್ಮ," ಎಂದೆ. "ಕರೆಂಟಿಲ್ಲ. ಸುಮ್ನೆ ಜೋಮು ಹಿಡಿದಿತ್ತು."

"ಗೊತ್ತು ಸಾರ್, ನಾನೇ ನೋಡಿದ್ನಲ್ಲ," ಎಂದಳು. ಉಸಿರು ಏರಿತ್ತು. ದುಪಟ್ಟಾ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು.

ಮೇಜಿಗೆ ಮರಳಿ ಸಾಲುಗಳ ಮುಂದೆ ಗುರುತು ಹಾಕಿದೆ. ಪೆಟ್ಟಿಗೆಗೆ ಮೊದಲು ತಾಗಿದ್ದು: ಟೆಸ್ಟರ್. ಅವಳು ಪಾಸಾಗಿದ್ದಳು. ಕೊನೆಯಲ್ಲಿ ಅವಳು ನನ್ನನ್ನು ಎಳೆದದ್ದಕ್ಕೆ ನನ್ನ ಕಾಗದದಲ್ಲಿ ಸಾಲು ಇರಲಿಲ್ಲ. ಪರೀಕ್ಷೆ ಮುಗಿದಿತ್ತು, ನಾನೂ ಮಾತಾಡಬಹುದಿತ್ತು. ಅವಳು ಮೇನಿನ ಬೀಗ ತೆಗೆಯುತ್ತಾ, ಹಿರೇಹಳ್ಳಿಗೆ ಗುಬ್ಬಿಯಿಂದ ನೇರ ಬಸ್ಸಿದೆಯೋ, ತುಮಕೂರಲ್ಲಿ ಬದಲಾಯಿಸಬೇಕೋ ಎಂದು ಕೇಳಿದಳು. ಬದಲಾಯಿಸಬೇಕು, ಬೆಂಗಳೂರು ಕಡೆಯ ಬಸ್ಸು ಹತ್ತು, ಕಾರ್ಖಾನೆಯ ಕ್ರಾಸಿನಲ್ಲಿ ಇಳಿಸಿ ಅಂತ ಕಂಡಕ್ಟರಿಗೆ ಮೊದಲೇ ಹೇಳಿಡು ಎಂದೆ.